ಬಿಟ್ಟದ್ದರ ಪಟ್ಟಿ

ಪ್ರತಿ ಮಾಡಿ ಇಟ್ಟುಕೊಳ್ಳುವುದು ನಮ್ಮ ನಾಡಿಗೆ ಹೊಸ ವಿದ್ಯೆಯೇನೂ ಅಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿಗಳಾಗಿ ಬರೆಯಿಸಿ ಹಂಚಿದಳೆಂಬುದನ್ನು ಕನ್ನಡ ಸಾಹಿತ್ಯಚರಿತ್ರೆಯನ್ನು ತಿರುವಿಹಾಕಿದವರೆಲ್ಲ ಬಲ್ಲರು. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ! ಆ ಪುರಾಣ ಇಂದಿಗೂ ನಮಗೆ ಓದಲು ಸಿಗುತ್ತದೆ. ಅದೇ ಪೊನ್ನನ ‘ಭುವನೈಕರಾಮಾಭ್ಯುದಯ’ ಸಿಗುವುದಿಲ್ಲ. ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ರನ್ನ ಮುಗಿಸಿದ ‘ಅಜಿತಪುರಾಣ’ ಉಳಿದಿದೆ. ಅವನ ‘ಪರಶುರಾಮಚರಿತ’ ಉಳಿದಿಲ್ಲ. ಯಾವುದು ಪ್ರತಿಯಾಗಿ ಹಲವು ಮನೆ ಸೇರಿತೋ ಅದಕ್ಕೆ ಉಳಿಯುವ ಅವಕಾಶ ಹೆಚ್ಚು. ಯಾವುದು ಪ್ರತಿಕಾರನ ಕೈಗೆ ಬಾರದೆ ಹೋಯಿತೋ ಅದು ಗೆದ್ದಲಿಗೆ, ಬೆಂಕಿಗೆ, ಮರೆವಿಗೆ. ಸಾವಿರ ಪ್ರತಿಗಳ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಪ್ರತಿಯಾಗದೆ ಉಳಿದವುಗಳ ಪಟ್ಟಿಯನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಕೇಳುಗ ಮಿತ್ರರೇ, ಇಂದು ಪ್ರತಿಕಾರನ ಕೆಲಸ ಕಂಪ್ಯೂಟರಿನ ಪಾಲಿಗೆ ಬಂದಿದೆ. ಬ್ಯಾಕಪ್ ಎಂಬ ಮಾತು ಮನೆಮಾತಾಗಿದೆ. ಮೊಮ್ಮಕ್ಕಳ ಚಿತ್ರಗಳಿಂದ ಹಿಡಿದು ಮನೆಯ ಕ್ರಯಪತ್ರದವರೆಗೆ ನಮ್ಮ ಬಾಳಿನ ಬಹುಭಾಗ ಒಂದು ಪುಟ್ಟ ಡಿಸ್ಕಿನಲ್ಲಿ ಅಡಗಿದೆ. ಅದರ ಪ್ರತಿ ಇನ್ನೊಂದು ಡಿಸ್ಕಿನಲ್ಲಿದೆ ಎಂಬ ನೆಮ್ಮದಿಯಲ್ಲಿ ನಾವು ನಿದ್ದೆಹೋಗುತ್ತೇವೆ. ಬ್ಯಾಕಪ್ ಇಟ್ಟುಕೊಳ್ಳಿ ಎಂಬ ಉಪದೇಶವನ್ನು ನೀವೆಲ್ಲ ಈಗಾಗಲೇ ಕೇಳಿದ್ದೀರಿ; ಅದನ್ನೇ ಮತ್ತೆ ಹೇಳಲು ನಾನು ಬಂದಿಲ್ಲ. ಬ್ಯಾಕಪ್ ಮಾಡುವ ಪ್ರತಿಯೊಂದು ತಂತ್ರಾಂಶದ ಒಳಗೂ ಇರುವ ಇನ್ನೊಂದು ಪಟ್ಟಿಯ ವಿಷಯ ಹೇಳಬೇಕಾಗಿದೆ. ‘ಇವನ್ನು ಬಿಡು’ ಎಂದು ಹೇಳುವ ಪಟ್ಟಿ ಅದು. ಆ ಪಟ್ಟಿಯನ್ನು ಓದದೆ ಇದ್ದುದಕ್ಕಾಗಿ ನಾನು ತೆತ್ತ ಬೆಲೆಯಿಂದ ಈ ಮಾತು ಹುಟ್ಟಿದೆ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು, ಜಯನಗರದ ನಿವಾಸಿ. 2014ರಲ್ಲಿ ಕೆಲಸ ಬಿಟ್ಟ ಮೇಲೆ ಒಂದು ಹವ್ಯಾಸ ಅಂಟಿಕೊಂಡಿತು. ಭಾನುವಾರದ ಮುಂಜಾನೆ ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡು ದಕ್ಷಿಣ ಬೆಂಗಳೂರಿನ ಹಳೆಯ ಹಳ್ಳಿಗಳನ್ನು ಸುತ್ತುವುದು. ಬಡಾವಣೆಗಳು ನಮಗೆ ಹೊಸವು, ಜಯನಗರವೇ 1948ರದು. ಆದರೆ ಬಡಾವಣೆಗಳ ಹೊಟ್ಟೆಯೊಳಗೆ ಸಾರಕ್ಕಿ, ಜರಗನಹಳ್ಳಿ, ಕತ್ರಿಗುಪ್ಪೆ, ಉತ್ತರಹಳ್ಳಿ, ಅರಕೆರೆ, ಹುಳಿಮಾವು ಎಂಬ ಊರುಗಳು ಇನ್ನೂ ಉಸಿರಾಡುತ್ತಿವೆ. ಒಂದು ಗುಡಿ, ಒಂದು ಅರಳಿಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲು, ಮೂಲೆಯಲ್ಲಿ ಸುಣ್ಣ ಬಳಿಸಿಕೊಂಡ ಒಂದು ವೀರಗಲ್ಲು. ಇನ್ನಷ್ಟು ತೆಂಕಣಕ್ಕೆ ಹೋದರೆ ಬೇಗೂರು. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿರುವ ಒಂಬತ್ತನೆಯ ಶತಮಾನದ ಕೊನೆಯ ಕಾಲದ ಶಾಸನವೊಂದು ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಹೇಳುತ್ತದೆ. ನಮ್ಮ ಊರಿನ ಹೆಸರು ಕೆಂಪೇಗೌಡನಿಗಿಂತ ಆರು ಶತಮಾನ ಹಿಂದೆಯೇ ಇತ್ತೆಂಬುದಕ್ಕೆ ಆ ಕಲ್ಲೇ ಸಾಕ್ಷಿ. ಒಂಬತ್ತು ವರ್ಷಗಳಲ್ಲಿ ಸಾವಿರದ ನೂರಕ್ಕೂ ಮಿಕ್ಕಿ ಚಿತ್ರಗಳನ್ನು ತೆಗೆದಿದ್ದೆ.

ಈ ಪ್ರದೇಶದ ಶಾಸನಗಳನ್ನು ಮೊದಲು ಕ್ರಮವಾಗಿ ಪ್ರತಿ ಮಾಡಿಸಿದವರು ಬಿ. ಎಲ್. ರೈಸ್ ಅವರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಹೊರಬಂತು. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಇಂದು ಆ ಜಾಗಗಳಲ್ಲಿಲ್ಲ, ರಸ್ತೆಯಾಗಿವೆ, ಅಡಿಪಾಯವಾಗಿವೆ. ಕಲ್ಲು ಹೋದರೂ ಅಕ್ಷರ ಉಳಿದಿದೆ, ಪ್ರತಿಯಿಂದ. ಆದರೆ ರೈಸರದು ಶಾಸನಗಳ ಸಂಪುಟ. ಅಕ್ಷರವಿಲ್ಲದ ಕಲ್ಲಿಗೆ ಅದರಲ್ಲಿ ಎಡೆಯಿಲ್ಲ. ಅದು ತಪ್ಪೇನೂ ಅಲ್ಲ. ಅವರ ಕೆಲಸದ ಎಲ್ಲೆಯೇ ಅದು. ಬನಶಂಕರಿಯ ಆಚೆ ಒಂದು ಹಳ್ಳಿಯ ಅರಳಿಕಟ್ಟೆಯ ಮೇಲೆ ಅಂಥ ಅಕ್ಷರವಿಲ್ಲದ ವೀರಗಲ್ಲೊಂದಿತ್ತು. ನಾನು ಚಿತ್ರ ತೆಗೆದ ಎರಡು ವರ್ಷಕ್ಕೆ ಕಟ್ಟೆಯನ್ನು ಒಡೆದರು, ಕಲ್ಲು ಕಾಣೆಯಾಯಿತು. ನನಗೆ ತಿಳಿದಮಟ್ಟಿಗೆ ಅದರ ಚಿತ್ರ ಇದ್ದದ್ದು ನನ್ನ ಕಂಪ್ಯೂಟರಿನಲ್ಲಿ ಮಾತ್ರ.

2023ರ ಆಷಾಢದಲ್ಲಿ ಒಂದು ಬೆಳಗ್ಗೆ ನನ್ನ ಕಂಪ್ಯೂಟರಿನ ಡಿಸ್ಕು ಕಟಕಟ ಎಂದು ಸದ್ದುಮಾಡಿ ಸುಮ್ಮನಾಯಿತು. ರಿಪೇರಿಯವರು ಕೈಚೆಲ್ಲಿದರು. ನಾನು ಅಂಜಲಿಲ್ಲ. ಪ್ರತಿ ಭಾನುವಾರ ರಾತ್ರಿ ಹತ್ತು ಗಂಟೆಗೆ ಬ್ಯಾಕಪ್ ತಾನಾಗಿಯೇ ನಡೆಯುತ್ತಿತ್ತು. ಮಾರನೆಯ ದಿನ ‘ಯಶಸ್ವಿಯಾಗಿ ಮುಗಿಯಿತು’ ಎಂಬ ಹಸಿರು ಗುರುತು ಕಾಣುತ್ತಿತ್ತು. ಹೊಸ ಡಿಸ್ಕು ತಂದು ಎಲ್ಲವನ್ನೂ ಮರಳಿ ಇಳಿಸಿದೆ. ಪತ್ರಗಳು ಬಂದವು, ಲೇಖನಗಳು ಬಂದವು, ವಿದ್ಯುತ್ ಬಿಲ್ಲಿನ ರಸೀತಿಗಳೂ ಬಂದವು. ಗುಡಿಗಳ ಚಿತ್ರವಿದ್ದ ಫೋಲ್ಡರು ಮಾತ್ರ ಬರಲಿಲ್ಲ. ಹೆಸರಿಗೆ ಒಂದು ಖಾಲಿ ಫೋಲ್ಡರು ಕೂಡ ಇರಲಿಲ್ಲ. ಅಂಥದೊಂದು ಇದ್ದೇ ಇರಲಿಲ್ಲವೆಂಬಂತೆ ಬ್ಯಾಕಪ್ಪು ತೆಪ್ಪಗಿತ್ತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗ ಬಿ.ಟಿ.ಎಂ. ಬಡಾವಣೆಯಲ್ಲಿದ್ದಾನೆ, ಇದೇ ಉದ್ಯೋಗದಲ್ಲಿರುವ ತರುಣ. ಕರೆದ ಸಂಜೆಯೇ ಬಂದು ಕುಳಿತ. ಅವನು ತಂತ್ರಾಂಶವನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಮೊದಲು ಕೇಳಿದ್ದು ಒಂದೇ ಪ್ರಶ್ನೆ.

“ಸಾರ್, ಈ ಫೋಲ್ಡರಿನ ಹೆಸರು ಮೊದಲಿನಿಂದಲೂ ಇದೇ ಇತ್ತಾ?”

ಇರಲಿಲ್ಲ. ಮೊದಲು ಅದರ ಹೆಸರು ಬರೀ ‘ಕ್ಯಾಮೆರಾ’. 2022ರ ಸಂಕ್ರಾಂತಿಯ ಹೊತ್ತಿಗೆ ನಾನು ಎಲ್ಲವನ್ನೂ ಅಚ್ಚುಕಟ್ಟು ಮಾಡಲು ಹೊರಟು, ಇಂಗ್ಲಿಷಿನಲ್ಲಿ ‘ಟೆಂಪಲ್ಸ್’ ಎಂದು ಹೆಸರು ಬದಲಾಯಿಸಿದ್ದೆ. ಆತ ತಲೆಯಾಡಿಸಿ, ಬ್ಯಾಕಪ್ ತಂತ್ರಾಂಶದ ಒಳಕೋಣೆಗಳನ್ನು ಒಂದೊಂದಾಗಿ ತೆರೆದು, ಕೊನೆಗೆ ಒಂದು ಪಟ್ಟಿಯ ಮುಂದೆ ನಿಂತ. ಅದರಲ್ಲಿ ಐದನೆಯ ಸಾಲು: ಇಂಗ್ಲಿಷಿನ ‘ಟೆಂಪ್’ ಎಂಬ ನಾಲ್ಕು ಅಕ್ಷರ, ಅದರ ಮುಂದೆ ಒಂದು ನಕ್ಷತ್ರಚಿಹ್ನೆ.

“ಈ ಸಾಲು ನೀವೇ ಬರೆದಿದ್ದಾ ಸಾರ್?”

ನಾನೇ ಬರೆದದ್ದು. 2019ರಲ್ಲಿ ಬ್ಯಾಕಪ್ಪಿನ ಡಿಸ್ಕು ತುಂಬಿಹೋದಾಗ ಜಾಗ ಉಳಿಸಲೆಂದು ಯಾರೋ ಹೇಳಿಕೊಟ್ಟಂತೆ ಹಾಕಿದ್ದೆ. ‘ಟೆಂಪ್’ ಎಂಬುದು ಟೆಂಪರರಿ ಎಂಬ ಮಾತಿನ ಮೊಟಕು. ಕಂಪ್ಯೂಟರು ತನ್ನ ತಾತ್ಕಾಲಿಕ ಕಸವನ್ನು ಹಾಕುವ ಫೋಲ್ಡರುಗಳ ಹೆಸರು ಸಾಮಾನ್ಯವಾಗಿ ಹಾಗೆ ಮೊದಲಾಗುತ್ತದೆ. ನಕ್ಷತ್ರಚಿಹ್ನೆಗೆ ‘ಮುಂದೆ ಏನು ಬೇಕಾದರೂ ಇರಲಿ’ ಎಂದರ್ಥ. ಹಾಗಾಗಿ ಆ ಸಾಲಿನ ತಾತ್ಪರ್ಯ: ಟೆಂಪ್ ಎಂದು ಮೊದಲಾಗುವ ಎಲ್ಲವನ್ನೂ ಬಿಡು. ಟೆಂಪಲ್ಸ್ ಎಂಬ ಹೆಸರೂ ಹಾಗೆಯೇ ಮೊದಲಾಗುತ್ತದೆ. ಸಾವಿರ ವರ್ಷ ನಿಂತ ಗುಡಿಗಳನ್ನು ಯಂತ್ರ ತಾತ್ಕಾಲಿಕ ಕಸದ ಲೆಕ್ಕಕ್ಕೆ ಸೇರಿಸಿತು. ಮೊರದಲ್ಲಿ ಕೇರುವಾಗ ಹೊಟ್ಟಿನ ಜೊತೆಗೆ ಕಾಳೂ ಹಾರಿಹೋದಂತೆ.

‘ಅದು 2022ರಿಂದೀಚೆಗಿನ ಮಾತಾಯಿತು, ಅದಕ್ಕೆ ಹಿಂದೆ ಕ್ಯಾಮೆರಾ ಎಂಬ ಹೆಸರಿನಲ್ಲಿ ಮಾಡಿದ್ದ ಪ್ರತಿ ಏನಾಯಿತು?’ ಎಂದು ಕೇಳಿದೆ. ಅದಕ್ಕೂ ಉತ್ತರವಿತ್ತು. ಹೆಸರು ಬದಲಾದಾಗ ತಂತ್ರಾಂಶದ ಕಣ್ಣಿಗೆ ಹಳೆಯ ಫೋಲ್ಡರು ಅಳಿಸಿಹೋದಂತೆ. ಅಳಿಸಿಹೋದದ್ದರ ಪ್ರತಿಯನ್ನು 90 ದಿನ ಇಟ್ಟುಕೊಂಡು ಆಮೇಲೆ ತೆಗೆದುಹಾಕು ಎಂಬುದು ಇನ್ನೊಂದು ನಿಯಮ. ಅದರಂತೆ ಆ ಬೇಸಗೆಯಲ್ಲಿಯೇ ಹಳೆಯ ಪ್ರತಿ ಹೋಗಿಬಿಟ್ಟಿತ್ತು. ಎರಡು ನಿಯಮಗಳು, ಬೇರೆಬೇರೆಯಾಗಿ ನೋಡಿದರೆ ಎರಡೂ ನ್ಯಾಯವಾದವು. ಎರಡೂ ಕೂಡಿ ಒಂಬತ್ತು ವರ್ಷದ ಭಾನುವಾರಗಳನ್ನು ನುಂಗಿದವು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಅಷ್ಟು ವಾರ ಹಸಿರು ಗುರುತು ತೋರಿಸಿದ ಯಂತ್ರ ಸುಳ್ಳು ಹೇಳಿತೇ? ಇಲ್ಲ. ಪ್ರತಿ ಮಾಡಲು ಹೋಗಿ ಆಗದಿದ್ದರೆ ಅದು ದೋಷ. ಯಂತ್ರ ಅದನ್ನು ವರದಿ ಮಾಡುತ್ತದೆ. ಬಿಡು ಎಂದು ಹೇಳಿದ್ದನ್ನು ಬಿಟ್ಟರೆ ಅದು ದೋಷವಲ್ಲ, ಆಜ್ಞಾಪಾಲನೆ. ವಿಧೇಯನಾದ ಆಳು ಯಜಮಾನನ ಮಾತನ್ನು ಅಕ್ಷರಶಃ ನಡೆಸಿ, ಕೆಲಸ ಮುಗಿಯಿತೆಂದು ಹೇಳಿದ, ಅಷ್ಟೆ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ಇಂಜಿನಿಯರರೊಬ್ಬರ ಕೈತಪ್ಪಿನಿಂದ ದತ್ತಾಂಶ ಅಳಿಸಿಹೋದಾಗ, ನಿತ್ಯದ ಬ್ಯಾಕಪ್ಪು ಬಹಳ ದಿನಗಳಿಂದ ವಿಫಲವಾಗುತ್ತಿದ್ದುದು ಬೆಳಕಿಗೆ ಬಂತು. ಅಲ್ಲಿ ಯಂತ್ರ ಎಚ್ಚರಿಕೆಯನ್ನು ಕಳಿಸಿತ್ತು, ಆ ಮಿಂಚಂಚೆ ಯಾರಿಗೂ ತಲುಪಿರಲಿಲ್ಲ. ಸುಮಾರು ಆರು ಗಂಟೆಗಳ ದತ್ತಾಂಶ ಶಾಶ್ವತವಾಗಿ ಹೋಯಿತು. ಆ ಸಂಸ್ಥೆಯವರೇ ಇದನ್ನು ಮುಚ್ಚಿಡದೆ ಲೋಕಕ್ಕೆಲ್ಲ ತಿಳಿಸಿದರು. ನನ್ನ ಮನೆಯ ಪ್ರಸಂಗ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಇಲ್ಲಿ ಕಳಿಸಬೇಕಾದ ಎಚ್ಚರಿಕೆಯೇ ಹುಟ್ಟಲಿಲ್ಲ.

ಹಾಗಾದರೆ ಬಿಡುವ ಪಟ್ಟಿಯೇ ಬೇಡವೇ? ಬೇಕು. ಕಂಪ್ಯೂಟರು ತನ್ನ ಕೆಲಸಕ್ಕಾಗಿ ಕ್ಷಣಕ್ಷಣವೂ ಬರೆದು ಅಳಿಸುವ ಫೈಲುಗಳಿವೆ. ಅವನ್ನು ಪ್ರತಿ ಮಾಡಿ ಪ್ರಯೋಜನವಿಲ್ಲ. ಜಾಲತಾಣಗಳನ್ನು ನೋಡುವಾಗ ಕೂಡುವ ಕ್ಯಾಶ್ ಇದೆ. ಹೋದರೆ ಮತ್ತೆ ತಾನೇ ಕೂಡುತ್ತದೆ. ಬ್ಯಾಕಪ್ಪು ಬರೆಯುವ ಜಾಗವನ್ನೇ ಬ್ಯಾಕಪ್ ಮಾಡಹೊರಟರೆ, ತನ್ನ ಬಾಲವನ್ನು ತಾನೇ ನುಂಗುವ ಹಾವಿನಂತಾಗುತ್ತದೆ. ಇವನ್ನೆಲ್ಲ ಬಿಡಲೇಬೇಕು. ಪ್ರಶ್ನೆ ಇರುವುದು ಬಿಡುವ ಆಜ್ಞೆಯನ್ನು ಯಾವ ಭಾಷೆಯಲ್ಲಿ ಹೇಳುತ್ತೇವೆ, ಯಂತ್ರ ಅದನ್ನು ಹೇಗೆ ಅರ್ಥೈಸುತ್ತದೆ ಎಂಬುದರಲ್ಲಿ. ಆ ಭಾಷೆಗೂ ಒಂದು ವ್ಯಾಕರಣವುಂಟು. ತರುಣ ಅಂದು ಸಂಜೆ ನನಗೆ ಹೇಳಿಕೊಟ್ಟ ಪಾಠವನ್ನು ನನಗೆ ತಿಳಿದ ಮಾತಿನಲ್ಲಿ ಹೇಳುತ್ತೇನೆ.

ಮೊದಲನೆಯದು ವಿಳಾಸ. ಆಟೋ ಹತ್ತಿ ‘ಒಂಬತ್ತನೆಯ ಮೇನ್’ ಎಂದರೆ ಆಟೋದವನು ಕೇಳುತ್ತಾನೆ: ಯಾವ ಬಡಾವಣೆ ಸಾರ್, ಯಾವ ಬ್ಲಾಕು? ಒಂಬತ್ತನೆಯ ಮೇನ್ ಜಯನಗರದಲ್ಲೂ ಉಂಟು, ಜೆ.ಪಿ. ನಗರದಲ್ಲೂ ಉಂಟು, ಬನಶಂಕರಿಯಲ್ಲೂ ಉಂಟು. ಕಂಪ್ಯೂಟರು ಹಾಗೆ ಕೇಳುವುದಿಲ್ಲ. ಬರೀ ಹೆಸರನ್ನು ಕೊಟ್ಟರೆ ಆ ಹೆಸರು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಆಜ್ಞೆಯನ್ನು ನಡೆಸುತ್ತದೆ. ಆರ್‌ಸಿಂಕ್ ಎಂಬ ಹೆಸರಾಂತ ತಂತ್ರಾಂಶ 1996ರಿಂದ ಬಳಕೆಯಲ್ಲಿದೆ. ಅದರಲ್ಲಿ ಹೆಸರಿನ ಮೊದಲಲ್ಲಿ ಒಂದು ಓರೆಗೆರೆಯನ್ನು ಹಾಕಿದರೆ, ಪ್ರತಿ ಮಾಡುವ ಜಾಗದ ಬುಡದಲ್ಲಿರುವುದನ್ನು ಮಾತ್ರ ಬಿಡು ಎಂದರ್ಥ. ಹಾಕದಿದ್ದರೆ ಎಷ್ಟು ಆಳದಲ್ಲಿದ್ದರೂ ಬಿಡು ಎಂದರ್ಥ. ಕೊನೆಯಲ್ಲಿ ಓರೆಗೆರೆಯನ್ನು ಹಾಕಿದರೆ ಫೋಲ್ಡರಿಗೆ ಮಾತ್ರ ಅನ್ವಯ, ಅದೇ ಹೆಸರಿನ ಫೈಲಿಗಲ್ಲ. ಒಂದು ಗೆರೆಯಿಂದ ಅರ್ಥವೆಲ್ಲ ಬೇರೆ. ಬಿಂದು ಬಿಟ್ಟರೆ ಪದದ ಅರ್ಥ ಕೆಡುತ್ತದೆಂದು ಮಕ್ಕಳಿಗೆ ಪಾಠ ಹೇಳಿದ ನಾನು ಇದಕ್ಕೆ ಅಚ್ಚರಿಪಡಬೇಕಾಗಿರಲಿಲ್ಲ.

ಎರಡನೆಯದು ಹೆಬ್ಬಾಗಿಲು. ಒಂದು ದೊಡ್ಡ ಫೋಲ್ಡರನ್ನು ಬಿಡು ಎಂದು ಹೇಳಿ, ಅದರೊಳಗಿನ ಬೇಗೂರಿನ ಫೋಲ್ಡರನ್ನು ಮಾತ್ರ ಸೇರಿಸು ಎಂದು ಕೆಳಗೆ ಇನ್ನೊಂದು ಸಾಲು ಬರೆದರೆ ಸಾಮಾನ್ಯವಾಗಿ ಫಲವಿಲ್ಲ. ಹೆಬ್ಬಾಗಿಲು ಮುಚ್ಚಿದ ಮೇಲೆ ಯಂತ್ರ ಒಳಗೆ ಹೋಗಿ ನೋಡುವುದೇ ಇಲ್ಲ; ಒಳಗಿನ ಕೋಣೆಯ ಬಾಗಿಲು ತೆರೆದಿದೆಯೆಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಮೂರನೆಯದು ಸಾಲುಗಳ ಕ್ರಮ. ಎರಡು ನಿಯಮಗಳು ಒಂದಕ್ಕೊಂದು ವಿರುದ್ಧವಾದಾಗ ಆರ್‌ಸಿಂಕಿನಲ್ಲಿ ಮೊದಲು ಹೊಂದಿದ ನಿಯಮವೇ ಗೆಲ್ಲುತ್ತದೆ. ಪ್ರೋಗ್ರಾಮು ಬರೆಯುವವರು ಬಳಸುವ ಗಿಟ್ ಎಂಬ ತಂತ್ರಾಂಶದ ಬಿಡುವ ಪಟ್ಟಿಯಲ್ಲಿ ಕೊನೆಗೆ ಹೊಂದಿದ್ದು ಗೆಲ್ಲುತ್ತದೆ. ಒಂದು ಶಾಸ್ತ್ರದಲ್ಲಿ ಪೂರ್ವಕ್ಕೆ ಬಲ, ಇನ್ನೊಂದರಲ್ಲಿ ಪರಕ್ಕೆ ಬಲ. ಒಂದರ ಅಭ್ಯಾಸದಿಂದ ಇನ್ನೊಂದನ್ನು ಊಹಿಸಿದವನು ಕೆಡುತ್ತಾನೆ.

ನಾಲ್ಕನೆಯದು ಅಕ್ಷರ. ವಿಂಡೋಸ್ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳಿಗೆ ಭೇದ ಎಣಿಸುವುದಿಲ್ಲ; ಲಿನಕ್ಸ್ ಎಣಿಸುತ್ತದೆ. ನನ್ನ ನಿಯಮದಲ್ಲಿ ಸಣ್ಣಕ್ಷರವಿತ್ತು, ಫೋಲ್ಡರಿನ ಹೆಸರಿನಲ್ಲಿ ದೊಡ್ಡಕ್ಷರ. ನನ್ನದು ವಿಂಡೋಸ್ ಆದ್ದರಿಂದ ಎರಡೂ ಒಂದೇ ಆದವು. ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ತೊಡಕಿದೆ. ಇದು ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು. ‘ಕೋಟೆ’ ಎಂಬ ಪದದ ‘ಕೋ’ವನ್ನು ಕಂಪ್ಯೂಟರಿನ ಒಳಗೆ ಎರಡು ರೀತಿ ಬರೆದಿಡಬಹುದು: ‘ಕ’ಕಾರಕ್ಕೆ ಓತ್ವವೆಂಬ ಒಂದೇ ಚಿಹ್ನೆಯನ್ನು ಸೇರಿಸಿ, ಇಲ್ಲವೇ ಎತ್ವ, ಅದರ ಪಕ್ಕದ ಊತ್ವ, ಕೊನೆಗೆ ದೀರ್ಘ ಎಂದು ಮೂರು ತುಂಡುಗಳನ್ನು ಸೇರಿಸಿ. ಯೂನಿಕೋಡಿನ ಪ್ರಕಾರ ಎರಡೂ ಸಮಾನ; ಕಣ್ಣಿಗೂ ಎರಡೂ ಒಂದೇ. ಆದರೆ ಒಳಗಿನ ಸಂಖ್ಯೆಗಳು ಬೇರೆ. ಹಳೆಯ ಮ್ಯಾಕ್ ಕಂಪ್ಯೂಟರುಗಳು ಹೆಸರನ್ನು ಬಿಡಿಸಿಟ್ಟ ರೂಪದಲ್ಲಿ ಇಡುತ್ತಿದ್ದವು; ನಮ್ಮ ಕೀಲಿಮಣೆ ಸಾಮಾನ್ಯವಾಗಿ ಕೂಡಿದ ರೂಪವನ್ನು ಕೊಡುತ್ತದೆ. ಕಟ್ಟುನಿಟ್ಟಾಗಿ ಸಂಖ್ಯೆಗಳನ್ನೇ ಹೋಲಿಸುವ ತಂತ್ರಾಂಶಕ್ಕೆ ಒಂದು ಕೋಟೆ ಇನ್ನೊಂದು ಕೋಟೆಯಲ್ಲ. ಬರೆದ ನಿಯಮ ಸರಿಯಾಗಿಯೇ ಕಾಣುತ್ತದೆ, ಕೆಲಸ ಮಾಡುವುದಿಲ್ಲ. ‘ಸಾಫ್ಟ್‌ವೇರ್’ ಎಂಬಂಥ ಮಾತಿನ ನಡುವೆ ಒತ್ತಕ್ಷರ ಮೂಡದಿರಲೆಂದು ಸೇರಿಸುವ ಕಾಣದ ಚಿಹ್ನೆಯದೂ ಇದೇ ಕಥೆ. ಅಂಥ ಕಡೆ ಹೆಸರನ್ನು ಹೊಸದಾಗಿ ಟೈಪು ಮಾಡುವ ಬದಲು, ಫೋಲ್ಡರಿನಿಂದಲೇ ನಕಲು ತೆಗೆದು ಪಟ್ಟಿಗೆ ಅಂಟಿಸುವುದು ಕ್ಷೇಮ.

ಐದನೆಯದು, ಪಟ್ಟಿಯಲ್ಲಿ ಕಾಣದ ಬಹಿಷ್ಕಾರಗಳು. ಕೆಲವು ತಂತ್ರಾಂಶಗಳು ತಮ್ಮದೇ ಪಟ್ಟಿಯೊಂದಿಗೆ ಬರುತ್ತವೆ. ಅದು ಬೇರೊಂದು ಕಡೆ ಅಡಗಿರುತ್ತದೆ. ಆಪಲ್ ಕಂಪನಿಯ ಟೈಮ್ ಮೆಷಿನ್‌ನಲ್ಲಿ ‘ನನ್ನನ್ನು ಬಿಡು’ ಎಂಬ ಗುರುತನ್ನು ಫೈಲಿಗೇ ಅಂಟಿಸಬಹುದು. ಅದನ್ನು ಎಲ್ಲಿಗೆ ಸಾಗಿಸಿದರೂ ಗುರುತು ಜೊತೆಯಲ್ಲೇ ಹೋಗುತ್ತದೆ. ಇನ್ನು ಕೆಲವು ತಂತ್ರಾಂಶಗಳಿಗೆ ಹಾಗೆಂದು ಹೇಳಿಟ್ಟಿದ್ದರೆ, ‘ಕ್ಯಾಶ್‌ಡಿರ್ ಟ್ಯಾಗ್’ ಎಂಬ ಪುಟ್ಟ ಫೈಲಿರುವ ಫೋಲ್ಡರನ್ನು ಕಸವೆಂದೇ ತಿಳಿದು ಬಿಟ್ಟುಬಿಡುತ್ತವೆ. ಇನ್ನೊಂದು ಫೋಲ್ಡರಿನ ಕಡೆಗೆ ಬೆರಳು ತೋರಿಸುವ ಕೊಂಡಿಗಳಿವೆ; ಬಹಳ ಸಾರಿ ಪ್ರತಿಯಾಗುವುದು ಬೆರಳು ಮಾತ್ರ, ಅದು ತೋರಿಸಿದ ವಸ್ತುವಲ್ಲ.

ಇದಕ್ಕೆ ಉಲ್ಟಾ ದೂರೂ ಉಂಟು. ‘ಬಿಡು ಎಂದು ಬರೆದಿದ್ದೇನೆ, ಆದರೂ ಪ್ರತಿಯಾಗುತ್ತಿದೆ, ಜಾಗ ತುಂಬುತ್ತಿದೆ’ ಎಂಬುದು. ಅಲ್ಲಿಯೂ ನೋಡಬೇಕಾದದ್ದು ಇವೇ: ಕಾಗುಣಿತ, ಓರೆಗೆರೆ, ವಿಳಾಸ, ಕ್ರಮ. ಜೊತೆಗೆ, ನಿಯಮವನ್ನು ಇಂದು ಬರೆದರೆ ಅದು ಇಂದಿನಿಂದ ಮುಂದಕ್ಕೆ. ಹಿಂದೆ ಆದ ಪ್ರತಿಗಳು ಅವಧಿ ಮುಗಿಯುವವರೆಗೆ ಅಲ್ಲೇ ಇರುತ್ತವೆ. ಹಾಗೆಯೇ ತಪ್ಪು ನಿಯಮವನ್ನು ಇಂದು ತೆಗೆದುಹಾಕಿದರೆ ಮುಂದಿನ ವಾರದಿಂದ ಪ್ರತಿಯಾಗುತ್ತದೆಯೇ ಹೊರತು ಕಳೆದ ವಾರದ್ದು ಬರುವುದಿಲ್ಲ.

ಹಾಗಾದರೆ ತಿಳಿಯುವುದು ಹೇಗೆ? ತರುಣನ ವಿಧಾನ ಸರಳವಾಗಿತ್ತು. ಒಂದು, ಪಟ್ಟಿಯನ್ನು ಪೂರ್ತಿ ಓದು. ಪ್ರತಿಯೊಂದು ಸಾಲಿಗೂ ‘ಇದು ಏಕೆ ಇದೆ’ ಎಂದು ಕೇಳು. ಉತ್ತರ ಹೊಳೆಯದ ಸಾಲನ್ನು ಅನುಮಾನಿಸು. ಎರಡು, ಬಹಳಷ್ಟು ತಂತ್ರಾಂಶಗಳಲ್ಲಿ ಏನನ್ನೂ ನಿಜವಾಗಿ ಬರೆಯದೆ, ಏನು ಮಾಡುತ್ತೇನೆಂದು ಮಾತ್ರ ಹೇಳುವ ತಾಲೀಮಿನ ಏರ್ಪಾಡಿದೆ. ನಾಟಕದವರು ಬಣ್ಣ ಹಚ್ಚದೆ ಮಾಡುವ ತಾಲೀಮಿನಂತೆ. ಅದನ್ನು ನಡೆಸಿ, ಯಾವುದನ್ನು ಯಾವ ನಿಯಮದಿಂದ ಬಿಟ್ಟಿತೆಂದು ದಿನಚರಿಯಲ್ಲಿ ನೋಡು. ಮೂರು, ಅನುಮಾನವಿರುವ ಫೋಲ್ಡರಿನಲ್ಲಿ ಒಂದು ಪರೀಕ್ಷೆಯ ಫೈಲನ್ನು ಇಟ್ಟು ಬ್ಯಾಕಪ್ ನಡೆಸು. ಬಂತೋ ಇಲ್ಲವೋ ನೋಡು. ಬರದಿದ್ದರೆ ನಿಯಮಗಳಲ್ಲಿ ಅರ್ಧವನ್ನು ತಡೆಹಿಡಿದು ಮತ್ತೆ ನಡೆಸು. ತಪ್ಪು ಯಾವ ಅರ್ಧದಲ್ಲಿದೆಯೆಂದು ತಿಳಿಯುತ್ತದೆ. ಆ ಅರ್ಧವನ್ನು ಮತ್ತೆ ಅರ್ಧಮಾಡು. ನಾಲ್ಕು, ಮೂಲದಲ್ಲಿ ಎಷ್ಟು ಫೈಲು, ಪ್ರತಿಯಲ್ಲಿ ಎಷ್ಟು ಫೈಲು ಎಂದು ಎಣಿಸಿ ತಾಳೆನೋಡು. ಐದನೆಯದು ಎಲ್ಲಕ್ಕಿಂತ ಮುಖ್ಯ: ಒಂದು ಫೈಲನ್ನು ಮರಳಿ ಬೇರೊಂದು ಜಾಗಕ್ಕೆ ಇಳಿಸಿ ತೆರೆದು ನೋಡು. ಮರಳಿ ಪಡೆದು ನೋಡದ ಪ್ರತಿಯನ್ನು ಪ್ರತಿಯೆಂದು ಕರೆಯುವುದು ನಂಬಿಕೆಯ ಮಾತು, ಅನುಭವದ ಮಾತಲ್ಲ.

ಕಳೆದುಹೋದ ಚಿತ್ರಗಳಲ್ಲಿ ಕೆಲವು ಮರಳಿ ಬಂದವು, ಬಂದದ್ದು ಬ್ಯಾಕಪ್ಪಿನಿಂದಲ್ಲ. ಗೆಳೆಯರ ಮೊಬೈಲುಗಳಿಗೆ ನಾನು ಆಗಾಗ ಕಳಿಸಿದ್ದವು, ಒಬ್ಬ ಸಂಶೋಧಕಿಗೆ ಕೊಟ್ಟಿದ್ದವು, ಕ್ಯಾಮೆರಾದ ಹಳೆಯ ಕಾರ್ಡಿನಲ್ಲಿ ಉಳಿದಿದ್ದವು. ಎಲ್ಲ ಸೇರಿ ನಾನೂರರಷ್ಟಾದವು. ಗುಣವರ್ಮನ ‘ಶೂದ್ರಕ’ ಇಡಿಯಾಗಿ ನಮಗೆ ಸಿಕ್ಕಿಲ್ಲ. ಆಮೇಲಿನವರು ತಮ್ಮ ಸಂಕಲನಗಳಿಗೆ ಎತ್ತಿಕೊಂಡ ಬಿಡಿಪದ್ಯಗಳಿಂದ ಅದರ ರುಚಿಯನ್ನು ಅರಿಯುತ್ತೇವೆ. ನನ್ನ ಸಂಗ್ರಹದ್ದೂ ಈಗ ಅಂಥದೇ ಸ್ಥಿತಿ. ಮೆಚ್ಚಿ ಇತರರಿಗೆ ಕೊಟ್ಟದ್ದು ಉಳಿಯಿತು. ನನ್ನಲ್ಲೇ ಇರಲೆಂದು ಇಟ್ಟುಕೊಂಡದ್ದು ಹೋಯಿತು. ಬೇಗೂರಿನ ಶಾಸನದ ಚಿತ್ರ ಹೋದುದಕ್ಕೆ ನನಗೆ ದುಃಖವಿಲ್ಲ. ಕಲ್ಲು ಅಲ್ಲಿದೆ, ಪಾಠ ಅಚ್ಚಾಗಿದೆ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯವರು ಈಚಿನ ವರ್ಷಗಳಲ್ಲಿ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಾಡುತ್ತಿದ್ದಾರೆ. ಹೋದದ್ದು ಆ ಅಕ್ಷರವಿಲ್ಲದ ವೀರಗಲ್ಲು. ಅದನ್ನು ನಾನು ಯಾರಿಗೂ ಕಳಿಸಿರಲಿಲ್ಲ. ಶಾಸನವಲ್ಲವೆಂದು ಪುಸ್ತಕ ಬಿಟ್ಟಿತು, ಅಡ್ಡಿಯೆಂದು ರಸ್ತೆ ಬಿಟ್ಟಿತು, ಕಸವೆಂದು ಯಂತ್ರ ಬಿಟ್ಟಿತು. ಅಷ್ಟೇನು ಮುಖ್ಯವಲ್ಲವೆಂದು ನಾನೂ ಬಿಟ್ಟಿದ್ದೆ.

ಆಮೇಲೆ ಒಂದು ದಿನ ಆ ಹಳ್ಳಿಗೆ ಹೋಗಿದ್ದೆ. ಕಟ್ಟೆಯಿದ್ದ ಜಾಗದಲ್ಲಿ ಕಾಂಕ್ರೀಟು ರಸ್ತೆ, ಪಕ್ಕದಲ್ಲಿ ಹೂವಿನಂಗಡಿ. ಹೂ ಕಟ್ಟುತ್ತಿದ್ದ ಅಜ್ಜಿಯನ್ನು ಕೇಳಿದೆ. “ಆ ಕಲ್ಲಾ ಸ್ವಾಮಿ? ನಾವು ಚಿಕ್ಕವರಾಗಿದ್ದಾಗ ಅದಕ್ಕೆ ಎಣ್ಣೆ ಹಚ್ತಿದ್ವಿ. ಕಟ್ಟೆ ಒಡೆದಾಗ ಹೋಯ್ತು” ಎಂದಳು. ನಾನು ಮನೆಗೆ ಬಂದು ನೆನಪಿನಿಂದಲೇ ಬರೆದಿಟ್ಟೆ: ಸೊಂಟದೆತ್ತರದ ಕಲ್ಲು, ಮೂರು ಅಂತಸ್ತು, ಕೆಳಗೆ ಬಿಲ್ಲು ಹಿಡಿದು ಹೋರಾಡುವ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ಎಡಗಡೆಯ ಅಪ್ಸರೆಯ ಮುಖ ಸವೆದಿತ್ತೋ, ಬಲಗಡೆಯವಳದೋ ನನಗೀಗ ನಿಶ್ಚಯವಿಲ್ಲ. ಚಿತ್ರವಿದ್ದಿದ್ದರೆ ಒಂದು ಕ್ಷಣದಲ್ಲಿ ತಿಳಿಯುತ್ತಿತ್ತು. ಹಾಗೆ ಬರೆದಿಟ್ಟ ಹಾಳೆಯ ನಾಲ್ಕು ಪ್ರತಿ ಮಾಡಿಸಿ ನಾಲ್ವರಿಗೆ ಕೊಟ್ಟಿದ್ದೇನೆ.

ಆಯುಧಪೂಜೆಯ ದಿನ ನಮ್ಮ ಕಡೆ ಕಂಪ್ಯೂಟರಿಗೂ ಅರಿಸಿನ ಕುಂಕುಮ ಇಟ್ಟು ಹೂ ಮುಡಿಸುತ್ತೇವೆ. ಒಳ್ಳೆಯ ಸಂಪ್ರದಾಯ. ಈಗ ನಮ್ಮ ಮನೆಯಲ್ಲಿ ಅದಕ್ಕೆ ಇನ್ನೊಂದು ವಿಧಿ ಸೇರಿದೆ. ಹೂ ಮುಡಿಸುವ ಮುನ್ನ ಬಿಡುವ ಪಟ್ಟಿಯನ್ನು ತೆರೆದು ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಯಾವುದಾದರೂ ಒಂದು ಚಿತ್ರವನ್ನು ಬ್ಯಾಕಪ್ಪಿನಿಂದ ಮರಳಿ ತರಿಸಿ ನೋಡುತ್ತೇನೆ. ಹತ್ತು ನಿಮಿಷದ ಕೆಲಸ. ನಿಮ್ಮ ಮನೆಯಲ್ಲಿಯೂ ಇದನ್ನು ನಡೆಸಿ ಎಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.

(ಬಾನುಲಿ ಭಾಷಣ)